‘ಶುದ್ಧ ರಕ್ತ’ ಹುಡುಕುವವರಿಗೆ ನಿಯಾಂಡರ್ತಾಲ್ ಅಜ್ಜಿಯ ಉತ್ತರ

ಅಮ್ಮ ಒಂದು ಜಾತಿ, ಅಪ್ಪ ಇನ್ನೊಂದು ಜಾತಿ. ಮಗಳಿಗೆ ಸುಮಾರು ಹದಿಮೂರು ವರ್ಷ. ಇಷ್ಟು ಕೇಳಿದ ಕೂಡಲೇ ನಮ್ಮಲ್ಲಿ ಅನೇಕರ ಬಾಯಿಗೆ ಬರುವ ಪ್ರಶ್ನೆ ಒಂದೇ: ‘ಯಾವ ಜಾತಿಯವರಂತೆ?’

ಸ್ವಲ್ಪ ತಡೀರಿ. ಈ ಹುಡುಗಿ ಬದುಕಿದ್ದು ಸುಮಾರು 90,000 ವರ್ಷಗಳ ಹಿಂದೆ, ಸೈಬೀರಿಯಾದ ಅಲ್ತಾಯ್ ಬೆಟ್ಟಗಳಲ್ಲಿ. ಅವಳ ಅಮ್ಮ ನಿಯಾಂಡರ್ತಾಲ್, ಅಪ್ಪ ಡೆನಿಸೋವನ್. ಇಬ್ಬರೂ ನಮ್ಮ ಥರದ ಮನುಷ್ಯರಲ್ಲ, ಆದರೆ ಮನುಷ್ಯಕುಲದವರೇ. ಲಕ್ಷಾಂತರ ವರ್ಷಗಳ ಹಿಂದೆ ನಮ್ಮಿಂದ ಪಾಲಾಗಿ ಬೇರೆ ಹೋದ ದಾಯಾದಿಗಳು ಅನ್ನಬಹುದು.

ಅಲ್ಲಿನ ಡೆನಿಸೋವಾ ಗುಹೆಯಲ್ಲಿ ಸಿಕ್ಕಿದ್ದು ಎರಡು ಸೆಂಟಿಮೀಟರ್ ಉದ್ದದ ಒಂದು ಮೂಳೆ ಚೂರು, ಅಷ್ಟೇ. ಅದರ ಡಿಎನ್ಎ ಓದಿದ ವಿಜ್ಞಾನಿಗಳು 2018ರಲ್ಲಿ ಈ ವಿಷಯ ಪ್ರಕಟಿಸಿದರು. ಪ್ರೀತಿಯಿಂದ ಅವಳನ್ನು ‘ಡೆನ್ನಿ’ ಎಂದು ಕರೆದರು. ಅವಳ ಡೆನಿಸೋವನ್ ಅಪ್ಪನ ಪೂರ್ವಜರಲ್ಲೂ ನಿಯಾಂಡರ್ತಾಲರು ಇದ್ದರು. ಅಂದರೆ ಆ ಮನೆತನಕ್ಕೆ ಇಂಥ ಸಂಬಂಧ ಹೊಸದೇನೂ ಆಗಿರಲಿಲ್ಲ.

ಡೆನ್ನಿಯ ಕಥೆ ಇವತ್ತು ಯಾಕೆ ಅಂದ್ರೆ, ‘ನಮ್ಮದು ಶುದ್ಧ ರಕ್ತ’, ‘ನಮ್ಮ ವಂಶ ಕೆಡಬಾರದು’ ಎಂಬ ಮಾತು ನಮ್ಮಲ್ಲಿ ಬರೀ ಮಾತಾಗಿ ಉಳಿದಿಲ್ಲ. ಅದರ ಹೆಸರಲ್ಲಿ ಹೆತ್ತ ಮಕ್ಕಳನ್ನೇ ಕೊಂದ ಸುದ್ದಿಗಳನ್ನು ನಾವು ಓದುತ್ತಲೇ ಇದ್ದೇವೆ. ಈ ನಂಬಿಕೆಗೆ ಈಗ ವಿಜ್ಞಾನದ ಬಟ್ಟೆ ತೊಡಿಸುವ ಆಸೆಯೂ ಕೆಲವರಿಗಿದೆ. ಹಾಗಾಗಿ ಮನುಷ್ಯನ ಜೀನುಗಳು ‘ಶುದ್ಧ’ದ ಬಗ್ಗೆ ನಿಜಕ್ಕೂ ಏನು ಹೇಳುತ್ತವೆ ಅಂತ ಒಮ್ಮೆ ನೋಡಿಬಿಡೋಣ.

ಈ ದಾಯಾದಿಗಳು ಯಾರು?

1856ರಲ್ಲಿ ಜರ್ಮನಿಯ ನಿಯಾಂಡರ್ ಕಣಿವೆಯ ಸುಣ್ಣದಕಲ್ಲಿನ ಗಣಿಯೊಂದರಲ್ಲಿ ಕೆಲವು ವಿಚಿತ್ರ ಮೂಳೆಗಳು ಸಿಕ್ಕವು. ಹುಬ್ಬಿನ ಮೂಳೆ ದಪ್ಪ, ಮೈಕಟ್ಟು ಗಟ್ಟಿಮುಟ್ಟು. ನಿಯಾಂಡರ್ತಾಲ್ ಎಂಬ ಹೆಸರು ಬಂದದ್ದು ಆ ಕಣಿವೆಯಿಂದ. ಇವರು ಯುರೋಪ್ ಮತ್ತು ಪಶ್ಚಿಮ ಏಷ್ಯಾದಲ್ಲಿ ಲಕ್ಷಾಂತರ ವರ್ಷ ಬದುಕಿ, ಸುಮಾರು 40,000 ವರ್ಷಗಳ ಹಿಂದೆ ಕಣ್ಮರೆಯಾದರು.

ಡೆನಿಸೋವನ್ನರ ಕಥೆ ಇನ್ನೂ ಮಜವಾಗಿದೆ. 2008ರಲ್ಲಿ ಡೆನಿಸೋವಾ ಗುಹೆಯಲ್ಲಿ ಕಿರುಬೆರಳಿನ ಮೂಳೆಯ ಒಂದು ತುಣುಕು ಸಿಕ್ಕಿತು. 2010ರಲ್ಲಿ ಅದರ ಡಿಎನ್ಎ ಓದಿ ನೋಡಿದರೆ ಅದು ನಮ್ಮದೂ ಅಲ್ಲ, ನಿಯಾಂಡರ್ತಾಲರದ್ದೂ ಅಲ್ಲ! ತಲೆಬುರುಡೆ, ಅಸ್ಥಿಪಂಜರ ಯಾವುದೂ ಇಲ್ಲದೆ ಬರೀ ಡಿಎನ್ಎಯಿಂದಲೇ ಮನುಷ್ಯಕುಲದ ಹೊಸದೊಂದು ಗುಂಪು ಗೊತ್ತಾಗಿದ್ದು ಅದೇ ಮೊದಲು. ಚೀನಾದ ಹಾರ್ಬಿನ್‌ನಲ್ಲಿ ಸಿಕ್ಕಿದ್ದ ದೊಡ್ಡ ತಲೆಬುರುಡೆಯೊಂದು ಇದೇ ಗುಂಪಿನದು ಎಂದು 2025ರಲ್ಲಿ ಪ್ರಕಟವಾದ ಸಂಶೋಧನೆ ಹೇಳಿತು. ಹದಿನೈದು ವರ್ಷದ ನಂತರ ಡೆನಿಸೋವನ್ನರಿಗೆ ಮುಖ ಸಿಕ್ಕಿತು.

ಈ ಕೆಲಸದ ಹಿಂದಿನ ದೊಡ್ಡ ಹೆಸರು ಸ್ವಾಂತೆ ಪಾಬೋ. ಜರ್ಮನಿಯ ಲೈಪ್‌ಜಿಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಅವರ ತಂಡ 2010ರಲ್ಲಿ ನಿಯಾಂಡರ್ತಾಲ್ ಜೀನೋಮಿನ ಮೊದಲ ಕರಡು ಪ್ರಕಟಿಸಿತು. 2022ರ ವೈದ್ಯಕೀಯ ನೊಬೆಲ್ ಅವರೊಬ್ಬರಿಗೇ ಬಂತು. ಆ ಕರಡು ಹೇಳಿದ ದೊಡ್ಡ ಸುದ್ದಿ ಏನೆಂದರೆ, ಆಫ್ರಿಕಾದ ಹೊರಗಿನ ಎಲ್ಲ ಜನರ ಜೀನುಗಳಲ್ಲೂ ನಿಯಾಂಡರ್ತಾಲ್ ಪಾಲಿದೆ. ಈಗಿನ ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ 2%.

ಎರಡು ಪರ್ಸೆಂಟ್ ಅಂದ್ರೆ ಎಷ್ಟು? ನಿಮ್ಮ ಮುತ್ತಜ್ಜಿಯ ಮುತ್ತಜ್ಜಿ ಆರು ತಲೆಮಾರು ಹಿಂದಿನವಳು. ಆ ತಲೆಮಾರಿನಲ್ಲಿ ನಿಮಗೆ 64 ಪೂರ್ವಜರು. ಅವರಲ್ಲಿ ಒಬ್ಬೊಬ್ಬರಿಂದ ನಿಮಗೆ ಬಂದದ್ದು ಸರಾಸರಿ 1.6%. ಮನೆಯಲ್ಲಿ ಯಾರೂ ಹೆಸರು ನೆನಪಿಟ್ಟಿರದ ಆ ಅಜ್ಜಿಗಿಂತ ನಿಯಾಂಡರ್ತಾಲರ ಪಾಲು ನಿಮ್ಮಲ್ಲಿ ಕೊಂಚ ಹೆಚ್ಚೇ ಇರಬಹುದು.

ಹಾಗಾದ್ರೆ ಆಫ್ರಿಕನ್ನರು ಮಾತ್ರ ‘ಶುದ್ಧ’ವಾ? ಅದೂ ಇಲ್ಲ. ಯುರೋಪ್, ಏಷ್ಯಾಗಳಿಂದ ಆಫ್ರಿಕಾಕ್ಕೆ ವಾಪಸ್ ಹೋದವರು ಅಲ್ಲೂ ಬೆರೆತರು. 2020ರ ಅಧ್ಯಯನವೊಂದರ ಪ್ರಕಾರ ಅಲ್ಲಿನವರಲ್ಲೂ ಸುಮಾರು 0.3% ನಿಯಾಂಡರ್ತಾಲ್ ಪಾಲಿದೆ. ಪಪುವಾ ನ್ಯೂಗಿನಿಯ ಜನರಲ್ಲಿ ಇದರ ಮೇಲೆ 3ರಿಂದ 5% ಡೆನಿಸೋವನ್ ಪಾಲೂ ಇದೆ.

ಕಾಪಿ ಹೊಡೆದದ್ದು ಗೊತ್ತಾಗೋದು ಹೇಗೆ?

‘ಎಲ್ಲರಿಗೂ ಮೂಲಪುರುಷ ಒಬ್ಬನೇ ಆಗಿದ್ದರೆ ಡಿಎನ್ಎಯಲ್ಲಿ ಹೋಲಿಕೆ ಇದ್ದೇ ಇರುತ್ತಲ್ಲ, ಬೆರೆತಿದ್ದಾರೆ ಅಂತ ಹೇಗೆ ಹೇಳ್ತೀರಿ?’ ಒಳ್ಳೆಯ ಪ್ರಶ್ನೆ. ಇಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದ ನನಗೆ ಇದಕ್ಕೆ ಹೊಳೆಯುವ ಹೋಲಿಕೆ ಕಾಲೇಜಿನ ಅಸೈನ್‌ಮೆಂಟ್.

ಇಬ್ಬರು ಹುಡುಗರ ಉತ್ತರ ಸರಿಯಿದ್ದು ಒಂದೇ ಥರ ಇದ್ದರೆ ಲೆಕ್ಚರರ್ ಏನೂ ಹೇಳೋಕಾಗಲ್ಲ. ಇಬ್ಬರೂ ಒಂದೇ ಪುಸ್ತಕ ಓದಿರಬಹುದು. ಆದರೆ ಒಂದೇ ಜಾಗದಲ್ಲಿ ಅದೇ ಕಾಗುಣಿತ ತಪ್ಪು, ಮೂರನೇ ಸಾಲಿನಲ್ಲಿ ಬಿಟ್ಟುಹೋದ ಅದೇ ಪದ, ಏಳನೇ ಸಾಲಿನಲ್ಲಿ ಅದೇ ತಪ್ಪು ಲೆಕ್ಕ, ಹೀಗೆ ಸಾಲುಸಾಲಾಗಿ ಸಿಕ್ಕರೆ? ಕಾಪಿ ಅಂತ ಖಚಿತ. ಡಿಎನ್ಎಯಲ್ಲಿ ಈ ‘ತಪ್ಪು’ಗಳೇ ಮ್ಯುಟೇಶನ್‌ಗಳು. ನಿಯಾಂಡರ್ತಾಲರಲ್ಲಿದ್ದ ಮ್ಯುಟೇಶನ್‌ಗಳ ಒಂದು ಸರಣಿ ಅದೇ ಕ್ರಮದಲ್ಲಿ ಇವತ್ತಿನ ಮನುಷ್ಯನಲ್ಲಿ ಸಿಕ್ಕರೆ ಮೊದಲ ಸುಳಿವು ಸಿಕ್ಕಿದಂತೆ.

ಎರಡನೇ ಸುಳಿವು ಉದ್ದದ್ದು. ಪ್ರತಿ ತಲೆಮಾರಿನಲ್ಲೂ ಅಪ್ಪ ಅಮ್ಮನ ಡಿಎನ್ಎ ತುಂಡಾಗಿ ಮರುಜೋಡಣೆಯಾಗುತ್ತೆ. ಮೊದಲು ಕಾಪಿ ಮಾಡಿದವನ ಹತ್ತಿರ ಇಡೀ ಪುಟ ಇರುತ್ತೆ. ಅವನದ್ದರಿಂದ ಸ್ವಲ್ಪ, ಇನ್ನೊಬ್ಬನದ್ದರಿಂದ ಸ್ವಲ್ಪ ತಗೊಂಡವನ ಹತ್ತಿರ ಅರ್ಧ ಪುಟ. ಆಮೇಲೆ ಒಂದು ಪ್ಯಾರಾ, ಆಮೇಲೆ ಎರಡು ಸಾಲು. ಲಕ್ಷಾಂತರ ವರ್ಷದ ಹಿಂದಿನ ಸಮಾನ ಪೂರ್ವಜರಿಂದ ಬಂದ ತುಂಡಾದರೆ ಅದು ಚಿಂದಿಚಿಂದಿಯಾಗಿರಬೇಕು. ತುಂಡು ಉದ್ದವಾಗಿದ್ದರೆ ಬೆರಕೆ ಇತ್ತೀಚಿನದು.

ರೊಮೇನಿಯಾದ ಗುಹೆಯೊಂದರಲ್ಲಿ ಸಿಕ್ಕ, ಸುಮಾರು 40,000 ವರ್ಷ ಹಿಂದಿನ ಮನುಷ್ಯನ ದವಡೆಯಲ್ಲಿ ಇಂಥ ಉದ್ದುದ್ದ ತುಂಡುಗಳಿದ್ದವು. ಅವನ ಜೀನೋಮಿನ 6ರಿಂದ 9% ನಿಯಾಂಡರ್ತಾಲರದ್ದು. ಲೆಕ್ಕ ಹಾಕಿದರೆ ಅವನಿಗೆ ನಾಲ್ಕರಿಂದ ಆರು ತಲೆಮಾರು ಹಿಂದೆ ಒಬ್ಬ ನಿಯಾಂಡರ್ತಾಲ್ ಅಜ್ಜನೋ ಅಜ್ಜಿಯೋ ಇದ್ದರು. ಇದೇ ವಿಧಾನದಿಂದ 2024ರ ಒಂದು ಅಧ್ಯಯನ ಬೆರಕೆಯ ಮುಖ್ಯ ಕಾಲವನ್ನೂ ಗುರುತಿಸಿತು. ಸುಮಾರು 50,500 ವರ್ಷದ ಹಿಂದೆ ಶುರುವಾಗಿ ಏಳು ಸಾವಿರ ವರ್ಷ ಅದು ನಡೆಯಿತು. ಒಂದು ರಾತ್ರಿಯ ಆಕಸ್ಮಿಕ ಅಂತೂ ಅಲ್ಲ.

ಆ ಸಂಬಂಧಗಳೆಲ್ಲ ಪ್ರೀತಿಯಿಂದಲೇ ಆದವು ಎಂದು ಹೇಳಲು ಯಾವ ಆಧಾರವೂ ಇಲ್ಲ. ಡಿಎನ್ಎಯಲ್ಲಿ ಹುಟ್ಟಿದ ಮಕ್ಕಳ ಲೆಕ್ಕ ಸಿಗುತ್ತದೆಯೇ ಹೊರತು ತಾಯಂದಿರ ಒಪ್ಪಿಗೆಯ ದಾಖಲೆ ಸಿಗುವುದಿಲ್ಲ.

ಬೆಟ್ಟ ಹತ್ತಿಸಿದ ಜೀನು

ಆಫ್ರಿಕಾದಿಂದ ಹೊರಟು ಬಂದ ನಮ್ಮ ಪೂರ್ವಜರಿಗೆ ಚಳಿ, ಬೆಳಕು, ರೋಗಾಣು ಎಲ್ಲವೂ ಹೊಸದು. ನಿಯಾಂಡರ್ತಾಲರು, ಡೆನಿಸೋವನ್ನರು ಲಕ್ಷಾಂತರ ವರ್ಷ ಅಲ್ಲೇ ಬದುಕಿ, ಸತ್ತು, ಹೊಂದಿಕೊಂಡವರು. ಅವರೊಂದಿಗೆ ಬೆರೆತಾಗ ಆ ಹೊಂದಾಣಿಕೆಯ ಕೆಲವು ಜೀನುಗಳು ನಮಗೆ ರೆಡಿಮೇಡ್ ಆಗಿ ಸಿಕ್ಕವು.

ಟಿಬೆಟಿಯನ್ನರ ಉದಾಹರಣೆ ಎಲ್ಲಕ್ಕಿಂತ ಸ್ಪಷ್ಟ. ನಾಲ್ಕು ಸಾವಿರ ಮೀಟರ್ ಎತ್ತರದಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟಕ್ಕಿಂತ ಸುಮಾರು 40% ಕಡಿಮೆ. ನಾವು ನೀವು ಅಲ್ಲಿ ಹೋಗಿ ಉಳಿದರೆ ದೇಹ ಗಾಬರಿಬಿದ್ದು ಕೆಂಪು ರಕ್ತಕಣಗಳನ್ನು ಹೆಚ್ಚೆಚ್ಚು ಮಾಡುತ್ತೆ. ರಕ್ತ ಮಂದವಾಗುತ್ತೆ, ಹೃದಯಕ್ಕೆ ಹೊರೆಯಾಗುತ್ತೆ, ಬಸುರಿಯರಿಗಂತೂ ಅಪಾಯ. ಬಹುತೇಕ ಟಿಬೆಟಿಯನ್ನರಲ್ಲಿ ಇಪಿಎಎಸ್1 ಎಂಬ ಜೀನಿನ ಒಂದು ವಿಶೇಷ ರೂಪವಿದೆ. ಅದು ಈ ಗಾಬರಿಯನ್ನು ಹದ್ದುಬಸ್ತಿನಲ್ಲಿಡುತ್ತೆ. ಆ ರೂಪ ಬಂದದ್ದು ಡೆನಿಸೋವನ್ನರಿಂದ ಎಂದು 2014ರಲ್ಲಿ ಗೊತ್ತಾಯಿತು. ನಮ್ಮ ಬೈಲಕುಪ್ಪೆ, ಮುಂಡಗೋಡಿನ ಶಿಬಿರಗಳಲ್ಲಿ ಹುಟ್ಟಿ, ಹಿಮಾಲಯವನ್ನೇ ನೋಡದ ಟಿಬೆಟಿಯನ್ ಹುಡುಗ ಹುಡುಗಿಯರಲ್ಲೂ ಬಹುತೇಕರು ಈ ಆಸ್ತಿಯನ್ನು ಹೊತ್ತೇ ಓಡಾಡುತ್ತಿದ್ದಾರೆ.

ಬೇರೆ ಉದಾಹರಣೆಗಳೂ ಇವೆ. ಯುರೋಪಿನಲ್ಲಿ ಸುಮಾರು ಮೂವರಲ್ಲಿ ಒಬ್ಬ ಹೆಂಗಸಿಗೆ ಪ್ರೊಜೆಸ್ಟೆರಾನ್ ಹಾರ್ಮೋನಿಗೆ ಸಂಬಂಧಿಸಿದ ನಿಯಾಂಡರ್ತಾಲ್ ಜೀನಿದೆ. ಅಂಥವರಲ್ಲಿ ಗರ್ಭಪಾತ ಕಡಿಮೆ. ರೋಗಾಣುವನ್ನು ಗುರುತಿಸುವ ಟಿಎಲ್ಆರ್ ಜೀನುಗಳ ಕೆಲವು ರೂಪಗಳೂ ಇವರಿಂದಲೇ ಬಂದವು. ರೋಗನಿರೋಧಕ ಶಕ್ತಿ ಚುರುಕಾಯಿತು, ಜೊತೆಗೆ ಅಲರ್ಜಿಯ ಸಾಧ್ಯತೆಯೂ ಹೆಚ್ಚಿತು. ಪುಗಸಟ್ಟೆ ಏನೂ ಸಿಗಲಿಲ್ಲ.

ಕೋವಿಡ್ ಮತ್ತು ಮೂರನೇ ಕ್ರೋಮೋಸೋಮ್

ಈ ಲಾಭ-ನಷ್ಟದ ಲೆಕ್ಕ ನಮ್ಮ ಮನೆಬಾಗಿಲಿಗೆ ಬಂದದ್ದು 2020ರಲ್ಲಿ. ಕೆಲವರಿಗೆ ಕೋವಿಡ್ ನೆಗಡಿಯಂತೆ ಬಂದು ಹೋದರೆ, ಅದೇ ವಯಸ್ಸಿನ ಇನ್ನು ಕೆಲವರು ಯಾಕೆ ವೆಂಟಿಲೇಟರ್‌ಗೆ ಹೋಗುತ್ತಾರೆ ಎಂದು ಹುಡುಕುತ್ತಿದ್ದವರಿಗೆ ಮೂರನೇ ಕ್ರೋಮೋಸೋಮಿನಲ್ಲಿ ಒಂದು ತುಂಡು ಸಿಕ್ಕಿತು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಹ್ಯೂಗೋ ಜೆಬೆರ್ಗ್ ಮತ್ತು ಪಾಬೋ ಅದು ನಿಯಾಂಡರ್ತಾಲರಿಂದ ಬಂದದ್ದು ಎಂದು ತೋರಿಸಿದರು. ಸುಮಾರು 50,000 ಅಕ್ಷರಗಳ ಉದ್ದ. ಅಸೈನ್‌ಮೆಂಟ್ ಭಾಷೆಯಲ್ಲಿ ಹೇಳೋದಾದ್ರೆ, ಇಡೀ ಪುಟವೇ ಹಾಗೇ ಉಳಿದಿತ್ತು.

ಈ ತುಂಡು ಇದ್ದವರು ಕೋವಿಡ್ ಬಂದಾಗ ಆಸ್ಪತ್ರೆ ಸೇರುವ ಸಾಧ್ಯತೆ ಸುಮಾರು 1.6 ಪಟ್ಟು. ಯುರೋಪಿನಲ್ಲಿ 16% ಜನರಲ್ಲಿ ಇದು ಇದೆ. ದಕ್ಷಿಣ ಏಷ್ಯಾದಲ್ಲಿ? ಸುಮಾರು 50%. ಬಾಂಗ್ಲಾದೇಶದಲ್ಲಿ 63%. ಪೂರ್ವ ಏಷ್ಯಾದಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ.

ಇಲ್ಲಿಗೆ ನಿಲ್ಲಿಸಿದರೆ ‘ನೋಡಿ, ಬೆರಕೆಯಿಂದಲೇ ಸತ್ತೆವು’ ಎಂದು ಯಾರಾದರೂ ವಾಟ್ಸಾಪ್ ಫಾರ್ವರ್ಡ್ ಮಾಡಿಯಾರು. ಮುಂದಿನದ್ದೂ ಓದಿ. ಹನ್ನೆರಡನೇ ಕ್ರೋಮೋಸೋಮಿನಲ್ಲಿ ಇನ್ನೊಂದು ನಿಯಾಂಡರ್ತಾಲ್ ತುಂಡಿದೆ. ಅದು ತೀವ್ರ ಕೋವಿಡ್‌ನ ಅಪಾಯವನ್ನು ಸುಮಾರು 22% ತಗ್ಗಿಸುತ್ತೆ. ಆ ‘ಕೆಟ್ಟ’ ಮೂರನೇ ಕ್ರೋಮೋಸೋಮಿನ ತುಂಡೇ ಎಚ್‌ಐವಿ ಸೋಂಕಿನ ಅಪಾಯವನ್ನು ಸುಮಾರು 27% ಕಡಿಮೆ ಮಾಡುತ್ತೆ ಎಂದು ಜೆಬೆರ್ಗ್ 2022ರಲ್ಲಿ ತೋರಿಸಿದರು. ಒಂದೇ ತುಂಡು, ಒಂದು ರೋಗಕ್ಕೆ ಬಾಗಿಲು ತೆರೆಯುತ್ತೆ, ಇನ್ನೊಂದಕ್ಕೆ ಮುಚ್ಚುತ್ತೆ. ಜೀನಿಗೆ ಒಳ್ಳೇದು ಕೆಟ್ಟದ್ದು ಅಂತ ಹಣೆಪಟ್ಟಿ ಇರಲ್ಲ, ಕಾಲ ಮತ್ತು ಜಾಗ ಅದನ್ನು ತೀರ್ಮಾನಿಸುತ್ತವೆ.

ಇನ್ನೂ ಒಂದು ವಿಷಯ. ಭಾರತದ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಕ್ಷಿಣ ಏಷ್ಯಾದ ಸಮುದಾಯಗಳಲ್ಲಿ ಈ ತುಂಡಿನ ಪ್ರಮಾಣಕ್ಕೂ ಕೋವಿಡ್‌ನ ಹಾವಳಿಗೂ ಸಂಬಂಧ ಕಾಣಲಿಲ್ಲ. ಜೀನು ಅಪಾಯವನ್ನು ಸ್ವಲ್ಪ ಏರಿಸಬಹುದು, ಇಳಿಸಬಹುದು. ಉಳಿದದ್ದು ನಾವು ಕಟ್ಟಿದ ಅಥವಾ ಕಟ್ಟದೇ ಬಿಟ್ಟ ವ್ಯವಸ್ಥೆ. 2021ರ ಮೇ ತಿಂಗಳಲ್ಲಿ ಚಾಮರಾಜನಗರ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ ಒಂದೇ ದಿನದಲ್ಲಿ 24 ರೋಗಿಗಳು ಸತ್ತರು. ಅದಕ್ಕೆ ನಿಯಾಂಡರ್ತಾಲರನ್ನು ದೂರುವಂತಿಲ್ಲ.

ಎಲ್ಲವೂ ಉಳಿಯಲಿಲ್ಲ, ಯಾಕೆ?

ಪ್ರಾಮಾಣಿಕವಾಗಿ ಹೇಳಬೇಕಾದ ಇನ್ನೊಂದು ಸಂಗತಿಯಿದೆ. ನಿಯಾಂಡರ್ತಾಲರಿಂದ ಬಂದದ್ದರಲ್ಲಿ ಬಹುಪಾಲು ನಮ್ಮಲ್ಲಿ ಉಳಿಯಲಿಲ್ಲ. ನಮ್ಮ ಜೀನೋಮಿನಲ್ಲಿ ಅವರ ಗುರುತೇ ಇಲ್ಲದ ‘ಮರುಭೂಮಿ’ಗಳಿವೆ. ಎಕ್ಸ್ ಕ್ರೋಮೋಸೋಮಿನಲ್ಲಿ ಅವರ ಪಾಲು ತೀರಾ ಕಡಿಮೆ. ಮಾತಿಗೆ ಸಂಬಂಧಿಸಿದ ಫಾಕ್ಸ್‌ಪಿ2 ಜೀನಿನ ಆಸುಪಾಸಿನಲ್ಲೂ ಅವರಿಲ್ಲ. ಅವರ ವೈ ಕ್ರೋಮೋಸೋಮ್ ಇವತ್ತಿನ ಯಾವ ಗಂಡಸಿನಲ್ಲೂ ಸಿಕ್ಕಿಲ್ಲ.

ಹಾಗಾದರೆ ಪ್ರಕೃತಿಯೇ ಬೆರಕೆಯನ್ನು ತಿರಸ್ಕರಿಸಿತು ಅನ್ನೋಣವೇ? ಕಾರಣ ನೋಡಿದರೆ ಕಥೆ ತಿರುಗುತ್ತೆ. ನಿಯಾಂಡರ್ತಾಲರು ಸಣ್ಣ ಸಣ್ಣ ಗುಂಪುಗಳಲ್ಲಿ, ಒಬ್ಬರಿಂದೊಬ್ಬರು ದೂರವಾಗಿ ಬದುಕಿದವರು. ಅದೇ ಅಲ್ತಾಯ್ ಗುಹೆಯಲ್ಲಿ ಸಿಕ್ಕ ಒಬ್ಬ ನಿಯಾಂಡರ್ತಾಲ್ ಹೆಂಗಸಿನ ಅಪ್ಪ ಅಮ್ಮ ಎಷ್ಟು ಹತ್ತಿರದ ನೆಂಟರೆಂದರೆ, ಸೋದರಮಾವ ಮತ್ತು ಅಕ್ಕನ ಮಗಳ ನಡುವಿನಷ್ಟು. ಸಣ್ಣ ಗುಂಪಿನಲ್ಲಿ ಅಲ್ಪಸ್ವಲ್ಪ ಹಾನಿ ಮಾಡುವ ಮ್ಯುಟೇಶನ್‌ಗಳು ಸೋಸಿ ಹೋಗದೆ ಜಮೆಯಾಗುತ್ತಲೇ ಹೋಗುತ್ತವೆ. ಅವರ ಡಿಎನ್ಎ ನಮ್ಮಂಥ ದೊಡ್ಡ ಜನಸಮೂಹದೊಳಗೆ ಬಂದಾಗ ಆ ಹೊರೆ ನಿಧಾನವಾಗಿ ಸೋಸಿಹೋಯಿತು, ಕೆಲಸಕ್ಕೆ ಬಂದದ್ದು ಉಳಿಯಿತು. ಹಾನಿಯ ಬಹುಪಾಲು ಹುಟ್ಟಿದ್ದು ಬೆರೆತದ್ದರಿಂದಲ್ಲ, ಅದಕ್ಕೂ ಮೊದಲು ತಮ್ಮತಮ್ಮೊಳಗೇ ಉಳಿದದ್ದರಿಂದ.

ನಾವು ಮುಚ್ಚಿಕೊಂಡ ಬಾಗಿಲು

ಈಗ ಭಾರತಕ್ಕೆ ಬರೋಣ. 2025ರಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು 2,762 ಭಾರತೀಯರ ಪೂರ್ಣ ಜೀನೋಮ್ ಓದಿತು. ಒಬ್ಬೊಬ್ಬರಲ್ಲಿ ಇರುವುದು ಬೇರೆ ಬೇರೆ ತುಂಡು. ಅವನ್ನೆಲ್ಲ ಜೋಡಿಸಿದಾಗ ನಿಯಾಂಡರ್ತಾಲ್ ಜೀನೋಮಿನ ಸುಮಾರು ಅರ್ಧ, ಡೆನಿಸೋವನ್ ಜೀನೋಮಿನ ಸುಮಾರು ಐದನೇ ಒಂದು ಭಾಗ ನಮ್ಮ ಜನರ ಮೈಯಲ್ಲೇ ಸಿಕ್ಕಿತು. ಕಳೆದುಹೋದ ಮನುಷ್ಯರ ಪುಸ್ತಕದ ಹಾಳೆಗಳು ಎಲ್ಲ ಜಾತಿಯವರ ಮನೆಯಲ್ಲೂ ಹರಿದು ಹಂಚಿಹೋಗಿವೆ.

ಆ ಹಳೇ ಬೆರಕೆಯ ಮೇಲೆ ಹೊಸ ಬೆರಕೆಗಳೂ ಆದವು. ಈ ನೆಲದ ಬೇಟೆಗಾರರು, ಇರಾನ್ ಕಡೆಯ ರೈತರಿಗೆ ನೆಂಟರಾದ ಜನ, ಸ್ಟೆಪ್ಪಿ ಹುಲ್ಲುಗಾವಲಿನಿಂದ ಬಂದ ಪಶುಪಾಲಕರು ಇಲ್ಲಿ ಬೆರೆತರು. 2013ರ ಅಧ್ಯಯನದ ಪ್ರಕಾರ ಸುಮಾರು 4,200 ವರ್ಷದಿಂದ 1,900 ವರ್ಷದ ಹಿಂದಿನವರೆಗೆ ಈ ಬೆರಕೆ ಜೋರಾಗಿ ನಡೆಯಿತು. ಮೇಲ್ಜಾತಿ, ದಲಿತ, ಆದಿವಾಸಿ ಎನ್ನದೆ ಬಹುತೇಕ ಎಲ್ಲರಲ್ಲೂ ಅದರ ಗುರುತಿದೆ. ಆಮೇಲೆ ಬಾಗಿಲು ಮುಚ್ಚಿತು. ಜಾತಿಯೊಳಗೇ ಮದುವೆ ಎಂಬ ನಿಯಮ ಬಂತು.

ಜಾತಿಯ ಜೀವಾಳ ಇರುವುದು ಸ್ವಜಾತಿ ವಿವಾಹದಲ್ಲಿ, ಅದು ಹೊರಗೆ ಮದುವೆಯಾಗುತ್ತಿದ್ದ ಸಮಾಜದ ಮೇಲೆ ಹೇರಿದ ನಿಯಮ ಎಂದು 25 ವರ್ಷದ ಬಿ.ಆರ್. ಅಂಬೇಡ್ಕರ್ 1916ರಲ್ಲೇ ವಾದಿಸಿದ್ದರು. ಜಾತಿ ಇರುವುದು ರಕ್ತಶುದ್ಧಿಗಾಗಿ ಎಂಬ ವಾದವನ್ನು 1936ರ ‘ಜಾತಿ ವಿನಾಶ’ದಲ್ಲಿ ತಳ್ಳಿಹಾಕಿದ್ದರು. ಡಿಎನ್ಎಯ ರಚನೆ ಗೊತ್ತಾಗಿದ್ದು 1953ರಲ್ಲಿ. ಅದಕ್ಕೂ ಮೊದಲೇ ಅಂಬೇಡ್ಕರ್ ಸಮಾಜವನ್ನು ನೋಡಿ ಕಂಡುಕೊಂಡದ್ದನ್ನು ಜೀನ್‌ವಿಜ್ಞಾನ ಈಗ ಲೆಕ್ಕದಲ್ಲಿ ತೋರಿಸುತ್ತಿದೆ.

ಆ ಮುಚ್ಚಿದ ಬಾಗಿಲಿಗೆ ಬೆಲೆಯಿದೆ. 2017ರಲ್ಲಿ ಹೈದರಾಬಾದಿನ ಸಿಸಿಎಂಬಿ, ಹಾರ್ವರ್ಡ್ ಮೊದಲಾದ ಸಂಸ್ಥೆಗಳ ವಿಜ್ಞಾನಿಗಳು ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಸಮುದಾಯಗಳನ್ನು ಅಧ್ಯಯನ ಮಾಡಿದರು. ಅವುಗಳಲ್ಲಿ 81 ಸಮುದಾಯಗಳು ಬಹಳ ಸಣ್ಣ ಮೂಲ ಗುಂಪಿನಿಂದ ಬೆಳೆದು, ಒಳಗೊಳಗೇ ಮದುವೆಯಾಗುತ್ತ ಬಂದಿವೆ. ಅಪರೂಪದ ಆನುವಂಶಿಕ ಕಾಯಿಲೆಗಳಿಗೆ ಹೆಸರಾದ ಫಿನ್ಲೆಂಡಿನ ಜನ ಮತ್ತು ಅಶ್ಕೆನಾಜಿ ಯಹೂದಿಗಳಿಗಿಂತಲೂ ಇವರ ಸ್ಥಿತಿ ತೀವ್ರ. ಈ 81ರಲ್ಲಿ 14 ಸಮುದಾಯಗಳ ಜನಸಂಖ್ಯೆ ಹತ್ತು ಲಕ್ಷ ಮೀರಿದೆ. ಹೊರಗಿಂದ ದೊಡ್ಡ ಜಾತಿ, ಒಳಗೆ ಜೀನುಗಳ ಮಟ್ಟಿಗೆ ಸಣ್ಣ ಹಳ್ಳಿ.

ಆಂಧ್ರ ಮೂಲದ ವೈಶ್ಯ ಸಮುದಾಯದ ಉದಾಹರಣೆ ವೈದ್ಯರಿಗೆ ಚೆನ್ನಾಗಿ ಗೊತ್ತು. ಆಪರೇಷನ್‌ಗೆ ಮೊದಲು ಸ್ನಾಯು ಸಡಿಲಿಸಲು ಕೊಡುವ ಒಂದು ಔಷಧಿಯನ್ನು ಒಡೆಯುವ ಕಿಣ್ವದ ಕೊರತೆ ಅವರಲ್ಲಿ ಉಳಿದವರಿಗಿಂತ ಬಹಳ ಹೆಚ್ಚು. ಇದರಲ್ಲಿ ಆ ಸಮುದಾಯದ ದೋಷವೇನೂ ಇಲ್ಲ. ಅಂಥ ಹೊರೆ ಅನೇಕ ಜಾತಿಗಳಲ್ಲಿದೆ, ನಾವು ಇನ್ನೂ ಹುಡುಕಿಲ್ಲ ಅಷ್ಟೇ. ಸರ್ಕಾರ ಡಿಎನ್ಎ ಪರೀಕ್ಷೆಗೆ ದುಡ್ಡು ಹಾಕುವುದಾದರೆ ಹಾಕಬೇಕಾದ್ದು ಇಲ್ಲಿ: ಆನುವಂಶಿಕ ಕಾಯಿಲೆಗಳ ಪತ್ತೆ, ಕೈಗೆಟಕುವ ತಪಾಸಣೆ, ಜಿಲ್ಲಾ ಮಟ್ಟದಲ್ಲಿ ಆಪ್ತಸಲಹೆ.

ಆದರೆ ಸುದ್ದಿಯಾಗಿದ್ದು ಬೇರೆಯೇ. 2022ರ ಮೇ ತಿಂಗಳಲ್ಲಿ ಕೇಂದ್ರ ಸಂಸ್ಕೃತಿ ಸಚಿವಾಲಯ ಭಾರತೀಯರ ‘ಜನಾಂಗೀಯ ಶುದ್ಧತೆ’ ಅಧ್ಯಯನಕ್ಕೆ ಹೊರಟಿದೆ ಎಂದು ಇಂಗ್ಲಿಷ್ ಪತ್ರಿಕೆಯೊಂದು ವರದಿ ಮಾಡಿತು. ವರದಿ ದಾರಿತಪ್ಪಿಸುವಂಥದ್ದು ಎಂದು ಸಚಿವಾಲಯ ನಿರಾಕರಿಸಿತು. ನೂರಕ್ಕೂ ಹೆಚ್ಚು ವಿಜ್ಞಾನಿಗಳು ಮತ್ತು ಇತಿಹಾಸಕಾರರು ಪತ್ರ ಬರೆದು, ಅಂಥ ಯೋಜನೆ ಅಸಂಬದ್ಧ ಮಾತ್ರವಲ್ಲ, ಅಪಾಯಕಾರಿ ಎಂದು ಎಚ್ಚರಿಸಿದರು. ಸಚಿವಾಲಯದ ನಿರಾಕರಣೆಯನ್ನು ನಂಬೋಣ. ಆದರೂ ‘ಶುದ್ಧತೆ’ಯನ್ನು ಅಳೆಯುವ ಆಸೆ ಮತ್ತೆ ಬೇರೆ ಹೆಸರಲ್ಲಿ ಬರುತ್ತೆ. ಬಂದಾಗ ಕೇಳಲು ಒಂದು ಸರಳ ಪ್ರಶ್ನೆ ಇಟ್ಟುಕೊಳ್ಳಿ: ಶುದ್ಧ ಅನ್ನೋದಕ್ಕೆ ಯಾವ ಇಸವಿಯಿಂದ ಲೆಕ್ಕ? ಎರಡು ಸಾವಿರ ವರ್ಷ ಹಿಂದೆ ಹೋದರೆ ಬೆರಕೆ. ನಾಲ್ಕು ಸಾವಿರಕ್ಕೆ ಹೋದರೂ ಬೆರಕೆ. ಐವತ್ತು ಸಾವಿರಕ್ಕೆ ಹೋದರೆ ಮನುಷ್ಯಕುಲದ ಬೇರೆ ಗುಂಪಿನ ಜೊತೆಗೇ ಬೆರಕೆ. ತೊಂಬತ್ತು ಸಾವಿರಕ್ಕೆ ಹೋದರೆ ಆ ದಾಯಾದಿಗಳೂ ತಮ್ಮತಮ್ಮಲ್ಲೇ ಬೆರೆಯುತ್ತಿದ್ದರು.

ಕೊನೆಯದಾಗಿ, ಒಬ್ಬ ಹುಡುಗಿ ತಾನು ಮೆಚ್ಚಿದವನನ್ನು ಮದುವೆಯಾಗೋಕೆ ನಿಯಾಂಡರ್ತಾಲರ ಸಾಕ್ಷಿ ಬೇಕಾಗಿಲ್ಲ. ನಾಳೆ ಯಾವುದೋ ಅಧ್ಯಯನ ಬೆರಕೆಯಿಂದ ನಷ್ಟವೇ ಆಯಿತು ಎಂದರೂ ಅವಳ ಹಕ್ಕು ಒಂದಿಂಚೂ ಕಡಿಮೆಯಾಗಲ್ಲ. ಅದಕ್ಕೆ ಸಂವಿಧಾನ ಸಾಕು. ವಿಜ್ಞಾನದ ಕೆಲಸ ಸಣ್ಣದು, ಆದರೆ ಮುಖ್ಯವಾದದ್ದು. ‘ರಕ್ತ ಕೆಡುತ್ತೆ’ ಎಂದು ಮಚ್ಚು ಹಿಡಿದವನ ಕೈಯಿಂದ ಆ ಒಂದು ನೆಪವನ್ನು ಅದು ಕಿತ್ತುಕೊಳ್ಳುತ್ತದೆ.